ಆರಾಧನೆ ನಡೆಸುವವರ ಸಿದ್ಧತೆ: ಗಾಂಭೀರ್ಯ ಕೆಡುವುದೆಲ್ಲಿ, ಉಳಿಯುವುದು ಹೇಗೆ?

ಕ್ರಮಪುಸ್ತಕ (ಚರ್ಚೆ ಆರಂಭ)

ಚರ್ಚಿನಲ್ಲಿ ಪ್ರಸಂಗ ಮಾಡುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಆರಂಭದ ಕರೆಯಿಂದ ಆಶೀರ್ವಾದದವರೆಗೆ ಆರಾಧನೆಯನ್ನು ನಡೆಸಿಕೊಂಡು ಹೋಗುವುದನ್ನು ಮಾತ್ರ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನೋಡಿ ಕಲಿಯಿರಿ ಅನ್ನುತ್ತಾರೆ. ನೋಡಿದ್ದರಲ್ಲಿ ತಪ್ಪುಗಳೂ ಸೇರಿರುತ್ತವೆ. ಸಭಾಪಾಲಕರು, ವಾಚಕರು, ಗಾಯನ ನಡೆಸುವವರು, ಮೇಜಿನ ಸೇವೆಯವರು, ಮೈಕ್ ನೋಡಿಕೊಳ್ಳುವವರು ತಮ್ಮ ತಮ್ಮ ಕೆಲಸವನ್ನು ಇಲ್ಲಿ ಬಿಡಿಸಿ ಬರೆದರೆ ಹೊಸಬರಿಗೆ ಉಪಕಾರವಾದೀತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಂಭೀರ್ಯ ಎಂದರೆ ಎಳೆದೆಳೆದು ಮಾತಾಡುವುದಲ್ಲ, ಮುಖ ಬಿಗಿದುಕೊಳ್ಳುವುದೂ ಅಲ್ಲ. "ಮುಂದೇನು?" ಎಂದು ಸಭೆ ಒಮ್ಮೆಯೂ ಯೋಚಿಸುವಂತಾಗಬಾರದು. ನಡೆಸುವವರು ಪುಟ ಹುಡುಕುತ್ತಾ ನಿಂತ ಹತ್ತೇ ಸೆಕೆಂಡಿನಲ್ಲಿ ಎಲ್ಲರ ಮನಸ್ಸು ದೇವರ ಕಡೆಯಿಂದ ಜಾರಿ ಅವರ ಕೈಬೆರಳುಗಳ ಮೇಲೆ ನಿಲ್ಲುತ್ತದೆ. ನಮ್ಮ ಸಿದ್ಧತೆಯೆಲ್ಲ ಆ ಹತ್ತು ಸೆಕೆಂಡನ್ನು ತಪ್ಪಿಸುವುದಕ್ಕೆ.

ಕ್ರಮದ ಎಲುಬುಗೂಡು ಹಳೆಯದು: ಕೂಡಿಬರುವುದು, ವಾಕ್ಯ, ಮೇಜು (ರೊಟ್ಟಿ ಮತ್ತು ಪಾತ್ರೆ ಹಂಚುವ ಕರ್ತನ ಭೋಜನ), ಕಳುಹಿಸುವುದು. ಕ್ರಿ.ಶ. 155ರ ಸುಮಾರಿಗೆ ಆದಿಸಭೆಯ ಲೇಖಕ ಹುತಾತ್ಮ ಜಸ್ಟಿನ್ ಭಾನುವಾರದ ಕೂಟವನ್ನು ವರ್ಣಿಸುವಾಗಲೇ ಇದು ಕಾಣುತ್ತದೆ. ಅಪೊಸ್ತಲರ ಇಲ್ಲವೆ ಪ್ರವಾದಿಗಳ ಬರಹಗಳನ್ನು ಸಮಯ ಇರುವಷ್ಟು ಓದುತ್ತಿದ್ದರು, ಅಧ್ಯಕ್ಷ ಬೋಧಿಸುತ್ತಿದ್ದ, ಎಲ್ಲರೂ ಎದ್ದು ಪ್ರಾರ್ಥಿಸುತ್ತಿದ್ದರು, ಆಮೇಲೆ ರೊಟ್ಟಿ ಮತ್ತು ಪಾತ್ರೆ. ಬಾರದವರಿಗೆ ಸಭಾಸೇವಕರು ಒಯ್ದುಕೊಡುತ್ತಿದ್ದರು. ಕೂಡಿಬರುವ ಭಾಗದ ಒಳಕ್ರಮಕ್ಕೆ ಯೆಶಾಯ 6ನೇ ಅಧ್ಯಾಯಕ್ಕಿಂತ ಒಳ್ಳೆಯ ಮಾದರಿ ಇಲ್ಲ: ಮೊದಲು ದೇವರ ಪರಿಶುದ್ಧತೆ ಕಾಣುತ್ತದೆ, ಆಮೇಲೆ "ಅಯ್ಯೋ" ಎಂಬ ಪಾಪದ ಅರಿಕೆ, ಆಮೇಲೆ ಕೆಂಡ ತುಟಿಗೆ ತಗಲಿ ಶುದ್ಧಿ, ಅದಾದ ಮೇಲೆ ಕರೆ. ಸ್ತುತಿಗೂ ಮೊದಲೇ ಪಾಪನಿವೇದನೆ ಇಟ್ಟರೆ ತಪ್ಪಲ್ಲ, ಎಷ್ಟೋ ಕ್ರಮಗಳಲ್ಲಿ ಹಾಗಿದೆ. ಆದರೆ ಅಲ್ಲಿ ದೇವರು ಯಾರು ಎಂದು ಹೇಳುವ ಒಂದು ವಚನವಾದರೂ ಮುಂಚೆ ಬರಬೇಕು.

ಭೋಜನವಿರುವ 75 ನಿಮಿಷದ ಆರಾಧನೆಗೆ ನನ್ನ ಲೆಕ್ಕ: ಕೂಡಿಬರುವುದಕ್ಕೆ 13, ಸತ್ಯವೇದದ ಪಾಠಗಳು ಮತ್ತು ಪ್ರಸಂಗಕ್ಕೆ 30, ಇತರರಿಗಾಗಿ ಬೇಡುವ ಮಧ್ಯಸ್ಥಿಕೆ ಪ್ರಾರ್ಥನೆಗೆ 7, ಮೇಜಿಗೆ 20, ಕಳುಹಿಸುವುದಕ್ಕೆ 5. ಎಲ್ಲಕ್ಕಿಂತ ಹೆಚ್ಚಾಗಿ ಹಿಗ್ಗುವುದು ಮೊದಲ ಭಾಗ. ಹಾಡುಗಳು 25 ನಿಮಿಷ ನುಂಗುತ್ತವೆ, "ಸಮಯವಾಯಿತು" ಎಂದು ಕತ್ತರಿ ಬೀಳುವುದು ಮಾತ್ರ ಹಳೆಯ ಒಡಂಬಡಿಕೆಯ ಪಾಠಕ್ಕೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

---

ವಾಚನಪೀಠ

ಪಾಠ ಓದುವವರಿಗೆ ಬರೆಯುತ್ತೇನೆ. ಕನ್ನಡದಲ್ಲಿ ಓದುವಾಗಿನ ಒಂದು ತೊಡಕನ್ನು ಯಾರೂ ಹೇಳುವುದಿಲ್ಲ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವವರ ಉಸಿರೂ ಕೊನೆಗೇ ಮುಗಿಯುತ್ತದೆ. ಹೀಗಾಗಿ "ಕರುಣಿಸಿದನು", "ಕರುಣಿಸಲಿಲ್ಲ" ಎಂಬ ವ್ಯತ್ಯಾಸ ಇರುವ ಜಾಗದಲ್ಲೇ ಧ್ವನಿ ಬಿದ್ದುಹೋಗುತ್ತದೆ. ಹಿಂದಿನ ಸಾಲಿಗೆ ಯಾರು ಎಂಬುದು ಕೇಳಿಸುತ್ತದೆ, ಏನು ಮಾಡಿದರು ಎಂಬುದು ಕೇಳಿಸುವುದಿಲ್ಲ. ಪರಿಹಾರ ಸುಲಭ: ಕ್ರಿಯಾಪದಕ್ಕಿಂತ ಎರಡು ಪದ ಮೊದಲು ಸಣ್ಣ ಉಸಿರು ತೆಗೆದುಕೊಂಡು, ಕ್ರಿಯಾಪದವನ್ನು ಅದೇ ಎತ್ತರದಲ್ಲಿ ಮುಗಿಸಿ.

ಸಿದ್ಧತೆ ಹೀಗಿರಲಿ. ಪಾಠದ ಪ್ರತಿ ತೆಗೆದುಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕಿ: ಸಣ್ಣ ನಿಲುಗಡೆಗೆ ಒಂದು ಓರೆಗೆರೆ, ಪೂರ್ತಿ ನಿಲುಗಡೆಗೆ ಎರಡು. ಎಫೆಸದವರಿಗೆ 1:3ರಿಂದ 14ರವರೆಗೆ ಗ್ರೀಕಿನಲ್ಲಿ ಒಂದೇ ವಾಕ್ಯ. ಅನುವಾದಕರು ಒಡೆದಿದ್ದರೂ ಉದ್ದ ಉಳಿದೇ ಇರುತ್ತದೆ. ಗುರುತಿಲ್ಲದೆ ಹೊರಟರೆ ನಡುವೆ ಉಸಿರು ಕಟ್ಟುತ್ತದೆ. ಗಟ್ಟಿಯಾಗಿ ಮೂರು ಸಲ ಓದಿ. ಮೊದಲನೆಯದು ಅರ್ಥಕ್ಕೆ, ಎರಡನೆಯದು ಉಸಿರಿಗೆ, ಮೂರನೆಯದು ಗಡಿಯಾರಕ್ಕೆ. ಹತ್ತು ವಚನದ ಸಾಮಾನ್ಯ ಪಾಠ ಎರಡು ನಿಮಿಷದ ಹತ್ತಿರ ಬರಬೇಕು. ಒಂದು ನಿಮಿಷದಲ್ಲಿ ಮುಗಿಯಿತೆಂದರೆ ಸಭೆಗೆ ಏನೂ ದಕ್ಕಿಲ್ಲ.

ಹೆಸರುಗಳು: ಅಪೊಸ್ತಲರ ಕೃತ್ಯಗಳು 2:9ರಿಂದ 11ರ ಜನಾಂಗಗಳ ಪಟ್ಟಿ ಪಂಚಾಶತ್ತಮ ದಿನಕ್ಕೆ ಬಂದೇ ಬರುತ್ತದೆ. ಅಲ್ಲಿ ತಡವರಿಸಿದರೆ ಭಾಷೆಗಳ ಅದ್ಭುತ ಹೇಳುವ ಭಾಗವೇ ತೊದಲಾಗುತ್ತದೆ. ದಾನಿಯೇಲ 3ರಲ್ಲಿ ವಾದ್ಯಗಳ ಪಟ್ಟಿ ನಾಲ್ಕು ಸಲ ಬರುತ್ತದೆ. ಪುನರಾವರ್ತನೆಯೆಂದು ಓಡಿಸಬೇಡಿ, ಅರಸನ ಆಜ್ಞೆಯ ಭಾರ ಇರುವುದೇ ಅದರಲ್ಲಿ.

ಇನ್ನೊಂದು ಚಿಕ್ಕ ತಿದ್ದುಪಡಿ. ಪಾಠ "ಆಗ ಆತನು ಅವರಿಗೆ" ಎಂದು ಶುರುವಾದರೆ ಯಾರು ಯಾರಿಗೆ ಎಂದು ಸಭೆಗೆ ತಿಳಿಯದು. ಮೊದಲ ಸರ್ವನಾಮದ ಜಾಗದಲ್ಲಿ ಹೆಸರು ಇಟ್ಟು "ಆಗ ಯೇಸು ತನ್ನ ಶಿಷ್ಯರಿಗೆ" ಎಂದು ಓದಿ. ಅದಕ್ಕಿಂತ ಹೆಚ್ಚಿನ ಪೀಠಿಕೆ ಬೇಡ. ವಾಚಕರು ಮೂರು ನಿಮಿಷ ವಿವರಿಸಿದರೆ ಪ್ರಸಂಗಿಯ ಕೆಲಸವನ್ನು ಅರೆಬರೆ ಮಾಡಿದಂತೆ.

---

ಹೊಸ_ವಾಚಕ

ಓದುಪೀಠಕ್ಕೆ ಹೋಗುವುದು, ಬರುವುದು ಹೇಗೆ? ಎಲ್ಲಿ ನೋಡಬೇಕು? ಸಭೆಯನ್ನು ಆಗಾಗ ನೋಡಿ ಎನ್ನುತ್ತಾರೆ, ನೋಡಿದರೆ ಸಾಲು ತಪ್ಪುತ್ತದೆ.

---

ವಾಚನಪೀಠ

ಲೂಕ 4:16ರಿಂದ 20ರವರೆಗೆ ನಿಧಾನವಾಗಿ ನೋಡಿ. ಯೇಸು ಎದ್ದುನಿಂತನು, ಸುರುಳಿ ಕೈಗೆ ಬಂತು, ಬಿಚ್ಚಿ ಸ್ಥಳ ಕಂಡುಕೊಂಡನು, ಓದಿದನು, ಸುತ್ತಿದನು, ಸೇವಕನಿಗೆ ಕೊಟ್ಟನು, ಕುಳಿತುಕೊಂಡನು. ಎಲ್ಲರ ಕಣ್ಣುಗಳು ಆತನ ಮೇಲೆಯೇ ನೆಟ್ಟಿದ್ದವು ಎಂದು ಬರೆದಿರುವುದು ಅದೆಲ್ಲ ಆದ ಮೇಲೆ. ಒಂದೊಂದು ಕೆಲಸವೂ ಬೇರೆಬೇರೆಯಾಗಿ, ಪೂರ್ತಿಯಾಗಿ ನಡೆದಿದೆ. ವಾಚಕರಿಗೆ ಇದಕ್ಕಿಂತ ಸ್ಪಷ್ಟ ಮಾದರಿ ಬೇಡ.

ನಡೆಯುತ್ತಾ ಮಾತಾಡಬೇಡಿ. ನಿಂತು, ಪುಸ್ತಕ ನೋಡಿ, ಮೈಕ್ ಎತ್ತರ ಸರಿಮಾಡಿ, ಒಮ್ಮೆ ಸಭೆಯನ್ನು ನೋಡಿ. ಆಮೇಲೆ ಪಾಠದ ಹೆಸರು. ಹಿಂದಿನ ಹಾಡಿಗೆ ಎದ್ದವರು ಕುಳಿತು ಬೆಂಚಿನ ಸದ್ದು ಅಡಗುವ ತನಕ ಮೊದಲ ವಚನ ಬೇಡ. ಎಡಗೈ ಬೆರಳು ಸಾಲಿನ ಅಂಚಿನಲ್ಲಿರಲಿ, ಕಣ್ಣೆತ್ತಿದರೂ ಜಾಗ ತಪ್ಪುವುದಿಲ್ಲ. ಪ್ರತಿ ವಚನಕ್ಕೂ ಕಣ್ಣೆತ್ತುವ ಅಗತ್ಯವಿಲ್ಲ. ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಸಾಕು. ಕೊನೆಯ ಪದಕ್ಕೂ "ಇದು ಕರ್ತನ ವಾಕ್ಯ" ಎಂಬುದಕ್ಕೂ ನಡುವೆ ಎರಡು ಮೂರು ಸೆಕೆಂಡು ಬಿಡಿ. ಬಿಡದೆ ಸೇರಿಸಿದರೆ ಅದೂ ಪಾಠದ ಭಾಗವೆಂಬಂತೆ ಕೇಳಿಸುತ್ತದೆ, ಸಭೆಯ ಉತ್ತರ ಚದುರುತ್ತದೆ.

ಮತ್ತೆ, ಫೋನಿನಿಂದ ಓದುವುದು. ಅಕ್ಷರ ದೊಡ್ಡದಾಗುತ್ತದೆ ನಿಜ. ಆದರೆ ಪರದೆ ಆರುತ್ತದೆ, ಕರೆ ಬರುತ್ತದೆ, ಬೆರಳು ತಗಲಿ ಅಧ್ಯಾಯ ಹಾರುತ್ತದೆ. ಸತ್ಯವೇದವನ್ನು ತೆರೆದಿಟ್ಟು ಓದುವುದನ್ನು ಸಭೆ ನೋಡುವುದೇ ಒಂದು ಬೋಧನೆ. ನೆಹೆಮೀಯ 8ರಲ್ಲಿ ಎಜ್ರನು ಗ್ರಂಥ ತೆರೆದಾಗ ಜನರೆಲ್ಲ ಎದ್ದುನಿಂತರು. ಎದ್ದದ್ದು ತೆರೆದ ಗ್ರಂಥ ಕಂಡು.

---

ಶ್ರುತಿಲಯ

ಗಾಯನದ ಕುರಿತು. ಸಭೆ ಹಾಡುತ್ತಿಲ್ಲ ಎಂಬ ದೂರು ಬಂದರೆ ಭಕ್ತಿ ಕಡಿಮೆಯಾಗಿದೆ ಎನ್ನುವ ಮೊದಲು ಶ್ರುತಿ ನೋಡಿ. ಪಳಗದ ಕಂಠಕ್ಕೆ ಹಿತವಾದ ವ್ಯಾಪ್ತಿ ಮಧ್ಯದ ಸಿಗಿಂತ ಕೆಳಗಿನ ಎಯಿಂದ ಮೇಲಿನ ಡಿವರೆಗೆ. ಗಂಡಸರಿಗೆ ಅದೇ ಒಂದು ಸ್ಥಾಯಿ ಕೆಳಗೆ. ಎಫ್ ಶ್ರುತಿಯಲ್ಲಿ ಮೇಲಿನ ಎಫ್ ಮುಟ್ಟುವ ಹಾಡನ್ನು ಡಿಗೆ ಇಳಿಸಿದರೆ ಆ ತುದಿ ಡಿ ಆಗುತ್ತದೆ, ಎಲ್ಲರ ಬಾಯಿ ತೆರೆಯುತ್ತದೆ. ಬೆಳಿಗ್ಗೆ ಏಳು ಎಂಟಕ್ಕೆ ನಡೆಯುವ ಆರಾಧನೆಗೆ ಇನ್ನೂ ಅರ್ಧ ಸ್ವರ ಇಳಿಸಿದರೂ ನಷ್ಟವಿಲ್ಲ.

ಹಾಡು ಎಳೆದಾಡುವುದಕ್ಕೆ ಭೌತಿಕ ಕಾರಣವಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 34 ಮೀಟರ್ ಉದ್ದದ ಆಲಯದಲ್ಲಿ ಹಿಂದಿನ ಸಾಲಿಗೆ ವಾದ್ಯ 0.1 ಸೆಕೆಂಡ್ ತಡವಾಗಿ ತಲುಪುತ್ತದೆ, ಅವರ ಧ್ವನಿ ಮರಳಿ ಬರಲು ಇನ್ನೊಂದು 0.1. ನಿಮಿಷಕ್ಕೆ 100 ತಾಳದ ಹಾಡಿನಲ್ಲಿ ಒಂದು ತಾಳಕ್ಕೆ 0.6 ಸೆಕೆಂಡ್, ಅಂದರೆ ಮೂರನೇ ಒಂದು ತಾಳದಷ್ಟು ಹಿಂದೆ. ನುಡಿಸುವವರು ಸಭೆಯ ಧ್ವನಿಗೆ ಕಾದರೆ ಪ್ರತಿ ಸಾಲಿಗೂ ವೇಗ ಕುಸಿಯುತ್ತದೆ. ನುಡಿಸುವವರು ಕಾಯಬಾರದು. ಸಭೆ ತಡವಾಗಿ ಬರುತ್ತಿದೆ ಅನ್ನಿಸಿದರೂ ತಾಳ ಬಿಡದೆ ನುಡಿಸಿ. ಅದು ದೂರದ ಲೆಕ್ಕ, ಸಭೆಯ ತಪ್ಪಲ್ಲ.

ಪೀಠಿಕೆಗೆ ಪರಿಚಿತ ಹಾಡಾದರೆ ಕೊನೆಯ ಸಾಲು ಸಾಕು, ಹೊಸದಾದರೆ ಪೂರ್ತಿ ಒಂದು ಚರಣ. ಪೀಠಿಕೆಯ ವೇಗವೇ ಹಾಡಿನ ವೇಗ. ಚರಣಗಳ ನಡುವಿನ ಉಸಿರಿನ ಬಿಡುವು ಪ್ರತಿ ಸಲವೂ ಒಂದೇ ಅಳತೆಯದಾಗಿರಲಿ. ಎರಡನೇ ಚರಣಕ್ಕೆ ಎರಡು ತಾಳ, ಮೂರನೆಯದಕ್ಕೆ ನಾಲ್ಕು ಎಂದಾದರೆ ಧೈರ್ಯವಂತರು ಮಾತ್ರ ಮೊದಲು ಶುರುಮಾಡುತ್ತಾರೆ, ಉಳಿದವರು ಕಾಯುತ್ತಾರೆ.

ಗಾಯನ ನಡೆಸುವವರು ಮೊದಲ ಸಾಲು ಮೈಕಿನಲ್ಲಿ ಹಾಡಿ, ಸಭೆ ಹಿಡಿದುಕೊಂಡ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಜನ ಹಾಡುವುದು ಪಕ್ಕದವರ ಧ್ವನಿ ಕೇಳಿಸಿದಾಗ. ಧ್ವನಿವರ್ಧಕ ಅದನ್ನು ಮುಚ್ಚಿಬಿಟ್ಟರೆ ಆರಾಧಿಸುತ್ತಿದ್ದವರು ಶ್ರೋತೃಗಳಾಗುತ್ತಾರೆ.

ಹೊಸ ಹಾಡು ಒಂದು ಆರಾಧನೆಗೆ ಒಂದೇ. ನಾಲ್ಕು ವಾರದಲ್ಲಿ ಮೂರು ಸಲ ಬಂದರೆ ನಿಲ್ಲುತ್ತದೆ. ಭೋಜನದ ಸಮಯಕ್ಕೆ ಹೊಸ ಹಾಡು ಬೇಡವೇ ಬೇಡ.

---

ಹಿಂದಿನ_ಸಾಲು

ರಾಗ ಬದಲಿಸುವವರಿಗೆ ಒಂದು ಸೇರ್ಪಡೆ. ಗೀತೆಪುಸ್ತಕದ ಛಂದಸ್ಸಿನ ಸೂಚಿಯಲ್ಲಿ 8.6.8.6 (ಸಾಲುಸಾಲಿನ ಅಕ್ಷರಗಳ ಎಣಿಕೆ) ಇರುವ ಪದಕ್ಕೆ ಅದೇ ಅಳತೆಯ ಬೇರೆ ರಾಗ ಹೊಂದುತ್ತದೆ ಎಂದು ನಂಬಿ ನೇರವಾಗಿ ಸಭೆಯಲ್ಲಿ ಪ್ರಯೋಗಿಸಬೇಡಿ. ಅಕ್ಷರ ಹೊಂದಿದರೂ ಒತ್ತು ಹೊಂದದೆ ಇರಬಹುದು. ಎಲ್ಲಾ ಚರಣಗಳನ್ನೂ ಮೊದಲೇ ಹಾಡಿ ನೋಡಿ. ಸಾಮಾನ್ಯವಾಗಿ ಮೂರನೇ ಚರಣದಲ್ಲಿ ಕೈಕೊಡುತ್ತದೆ.

---

ನಿಶ್ಶಬ್ದ

ಮೌನದ ಕುರಿತು ಯಾರೂ ಬರೆದಿಲ್ಲವಾದ್ದರಿಂದ ನಾನು ತುಸು ಉದ್ದವಾಗಿಯೇ ಬರೆಯುತ್ತೇನೆ. ಗಾಂಭೀರ್ಯ ಅತಿ ಹೆಚ್ಚು ಸೋರಿಹೋಗುವ ಜಾಗ ಇದು.

"ಮೌನವಾಗಿ ನಮ್ಮ ಪಾಪಗಳನ್ನು ನೆನೆಯೋಣ" ಎಂದು ಹೇಳಿ ನಾಲ್ಕು ಸೆಕೆಂಡಿಗೆ "ಸರ್ವಶಕ್ತನಾದ ದೇವರೇ" ಎಂದು ಶುರುಮಾಡಿದರೆ, ಆ ಆಹ್ವಾನ ಬರೀ ಮಾತಿಗೆ ಎಂದು ಸಭೆ ಕಲಿಯುತ್ತದೆ. ಮುಂದಿನ ವಾರದಿಂದ ಯಾರೂ ನೆನೆಯಲು ಹೋಗುವುದಿಲ್ಲ. ಮುಂದೆ ನಿಂತವರಿಗೆ ಸಮಯ ಉದ್ದವಾಗಿ ಕಾಣುತ್ತದೆ, ಹದಿನೈದು ಸೆಕೆಂಡು ಒಂದು ನಿಮಿಷದಂತೆ. ಆದ್ದರಿಂದ ಅಂದಾಜು ನಂಬಬೇಡಿ, ಅಳತೆ ಇಟ್ಟುಕೊಳ್ಳಿ. ಕರ್ತನ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಆತುರವಿಲ್ಲದೆ ಹೇಳಿದರೆ ಅರ್ಧ ನಿಮಿಷದ ಹತ್ತಿರ ಆಗುತ್ತದೆ. ಅರಿಕೆಗೆ ಒಂದು ಸಲ, ಪ್ರಸಂಗದ ನಂತರ ಎರಡು ಸಲ. ಲೆಕ್ಕ ಹಾಕುತ್ತಾ ನಿಲ್ಲುವ ಬದಲು ನಡೆಸುವವರೂ ಪ್ರಾರ್ಥಿಸುತ್ತಿರುತ್ತಾರೆ ಎಂಬುದೇ ಇದರ ದೊಡ್ಡ ಲಾಭ.

ಮೌನಕ್ಕೆ ಮುಂಚೆ ಏನು ಮಾಡಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ. ಮೊಣಕಾಲೂರುವವರು ಊರಲಿ, ಕೂರುವವರು ಕೂರಲಿ. ಆ ಸದ್ದು ನಿಲ್ಲುವುದಕ್ಕೇ ಹತ್ತು ಸೆಕೆಂಡು ಬೇಕು. ಮೌನ ಅಲ್ಲಿಂದ ಶುರು. ಆ ಹೊತ್ತಿನಲ್ಲಿ ಮುಂದಿನ ಪುಟ ತಿರುವಬೇಡಿ, ನೀರು ಕುಡಿಯಬೇಡಿ, ಗಾಯಕರಿಗೆ ಸನ್ನೆ ಮಾಡಬೇಡಿ. ನೀವು ಚಲಿಸಿದರೆ ಮೌನ ಮುಗಿಯಿತೆಂದೇ ಅರ್ಥ.

ಅರಿಕೆಗೂ ಕ್ಷಮೆಯ ಘೋಷಣೆಗೂ ನಡುವೆ ಯಾವುದೂ ಬರಕೂಡದು. ಪ್ರಕಟಣೆ ಬೇಡ, ಹಾಡಿನ ಸಂಖ್ಯೆ ಬೇಡ, "ಈಗ ಕ್ಷಮೆಯ ಭರವಸೆಯನ್ನು ಕೇಳೋಣ" ಎಂಬ ಸೇತುವೆ ಮಾತೂ ಬೇಡ. ಅರಿಕೆ ಮಾಡಿ ತಲೆಬಾಗಿರುವವರನ್ನು ಅಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಕ್ರೂರವಾದೀತು. ಘೋಷಣೆಯನ್ನು ಕಾಗದ ನೋಡದೆ, ಸಭೆಯ ಮುಖ ನೋಡಿ ಹೇಳಿ. ಆ ಎರಡು ವಾಕ್ಯ ಬಾಯಿಪಾಠ ಇರಲೇಬೇಕು.

---

ಸ್ತುತಿಗಾನ

ಮೌನದ ಹೊತ್ತಿನಲ್ಲಿ ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿದ್ದರೆ ತಪ್ಪೇನು? ಪೂರ್ತಿ ನಿಶ್ಶಬ್ದಕ್ಕೆ ಅಭ್ಯಾಸವಿಲ್ಲದ ಸಭೆಯಲ್ಲಿ ಜನ ಕೆಮ್ಮುತ್ತಾರೆ, ಅತ್ತಿತ್ತ ನೋಡುತ್ತಾರೆ. ಸಂಗೀತ ಅವರನ್ನು ಹಿಡಿದಿಡುತ್ತದೆ.

---

ನಿಶ್ಶಬ್ದ

ಹಿಡಿದಿಡುತ್ತದೆ, ಒಪ್ಪುತ್ತೇನೆ. ಆದರೆ ಯಾವುದಕ್ಕೆ? ಹಿನ್ನೆಲೆಯಲ್ಲಿ ಸ್ವರ ನಡೆಯುತ್ತಿದ್ದರೆ ಕಿವಿ ಅದರ ಮುಂದಿನ ಸ್ವರಕ್ಕೆ ಕಾಯುತ್ತದೆ. ರಾಗ ಪರಿಚಿತವಾದರಂತೂ ಮನಸ್ಸು ಅದರ ಪದಗಳನ್ನು ಹಾಡತೊಡಗುತ್ತದೆ. ಸ್ವಂತ ಪಾಪದ ಹೆಸರು ನೆನೆಯಬೇಕಾದ ಹೊತ್ತಿನಲ್ಲಿ ಬೇರೆ ಪದಗಳು ಬಂದು ಕೂರುತ್ತವೆ. ಅಭ್ಯಾಸವಿಲ್ಲದ ಸಭೆಗೆ ಹತ್ತು ಸೆಕೆಂಡಿನಿಂದ ಶುರುಮಾಡಿ, ವಾರವಾರ ಐದೈದು ಸೇರಿಸಿ. ಎರಡು ತಿಂಗಳಲ್ಲಿ ಕೆಮ್ಮು ತಾನಾಗಿ ನಿಲ್ಲುತ್ತದೆ.

ಭೋಜನ ಹಂಚುವಾಗ, ಕಾಣಿಕೆ ಎತ್ತುವಾಗ ವಾದ್ಯ ಇರಲಿ. ಅಲ್ಲಿ ಹೆಜ್ಜೆಯ ಸದ್ದು, ಬೆಂಚಿನ ಸದ್ದು ಮುಚ್ಚುವುದು ನಿಜವಾದ ಸೇವೆ.

---

ಸ್ತುತಿಗಾನ

ಅರಿಕೆಯ ಮಟ್ಟಿಗೆ ಒಪ್ಪಿದೆ. ಪ್ರಸಂಗದ ನಂತರದ ಮೌನದಿಂದ ಹಾಡಿಗೆ ಹೋಗುವಾಗ ಮಾತ್ರ ಆಧಾರಶ್ರುತಿ ಒಂದನ್ನೇ ಹಿಡಿದು ಎತ್ತಿಕೊಳ್ಳುವುದು ಬೇಕು. ಇಲ್ಲವಾದರೆ ಮೊದಲ ಸ್ವರ ಬೆಚ್ಚಿಬೀಳಿಸುತ್ತದೆ.

---

ಬೇಡಿಕೆ

ಮಧ್ಯಸ್ಥಿಕೆ ಪ್ರಾರ್ಥನೆ ನಡೆಸುವವರಿಗೆ. ಐದಾರು ಬೇಡಿಕೆ, ಒಂದೊಂದಕ್ಕೆ ಎರಡು ಮೂರು ವಾಕ್ಯ, ನಡುವೆ ಉಸಿರಾಡುವಷ್ಟು ಮೌನ. ವಿಶ್ವವ್ಯಾಪಿ ಸಭೆ, ಲೋಕ ಮತ್ತು ಅಧಿಕಾರದಲ್ಲಿರುವವರು, ಸುತ್ತಲಿನ ಜನ, ಕಷ್ಟದಲ್ಲಿರುವವರು, ದುಃಖದಲ್ಲಿರುವವರು: ಈ ಸಾಲಿನಲ್ಲಿ ಹೋದರೆ ಏನೂ ಬಿಟ್ಟುಹೋಗುವುದಿಲ್ಲ.

ಸಭೆ ಉತ್ತರಿಸಬೇಕಾದ ಸೂಚನೆಯ ಮಾತು ಅಕ್ಷರಶಃ ಒಂದೇ ಆಗಿರಬೇಕು. "ಕರ್ತನೇ, ನಿನ್ನ ಕರುಣೆಯಿಂದ" ಎಂದರೆ "ನಮ್ಮ ಪ್ರಾರ್ಥನೆಯನ್ನು ಕೇಳು" ಎಂದು ಗೊತ್ತುಮಾಡಿದ್ದರೆ, ಮೂರನೇ ಸಲ "ದಯಾಳುವಾದ ಕರ್ತನೇ" ಎಂದು ಬದಲಿಸಬೇಡಿ. ಅರ್ಧ ಜನ ಉತ್ತರಿಸುತ್ತಾರೆ, ಅರ್ಧ ಜನ ನಿಲ್ಲುತ್ತಾರೆ, ಅಲ್ಲಿಂದ ಮುಂದೆ ಎಲ್ಲರೂ ಅಳುಕುತ್ತಾರೆ.

ನಮ್ಮ ಭಾಷೆಯದೇ ಆದ ಇನ್ನೊಂದು ಎಚ್ಚರಿಕೆ: ದೇವರಿಗೆ "ನೀನು" ಎಂದು ಶುರುಮಾಡಿ ನಡುವೆ "ನೀವು" ಎಂದು ಜಾರುವುದು. ನಿಮ್ಮ ಸಭೆಯ ಕ್ರಮದಲ್ಲಿ ಯಾವುದಿದೆಯೋ ಅದನ್ನೇ ಕೊನೆಯವರೆಗೆ ಹಿಡಿಯಿರಿ. ಬರೆದ ಪ್ರತಿಯಲ್ಲಿ "ನಿನ್ನ", "ನಿಮ್ಮ" ಎಂಬುವನ್ನು ಗುರುತುಹಾಕಿ ಒಮ್ಮೆ ಪರೀಕ್ಷಿಸಿದರೆ ಸಾಕು.

ಪ್ರಾರ್ಥನೆ ದೇವರೊಡನೆ ಆಡುವ ಮಾತು. ಶನಿವಾರದ ಕೂಟದ ಸಮಯವನ್ನು ದೇವರಿಗೆ ತಿಳಿಸುವ ನೆಪದಲ್ಲಿ ಸಭೆಗೆ ತಿಳಿಸುವುದು, ಪ್ರಸಂಗದ ಮೂರು ಅಂಶಗಳನ್ನು ಮತ್ತೊಮ್ಮೆ ಹೇಳುವುದು, ಕಣ್ಣುಮುಚ್ಚಿದವರಿಗೆ ಬುದ್ಧಿವಾದ ಹೇಳುವುದು ಇವು ದೇವರ ಕಡೆಗೆ ತಿರುಗಿದ ಮಾತುಗಳಲ್ಲ. ರೋಗಿಗಳ ಹೆಸರನ್ನು ಅವರ ಒಪ್ಪಿಗೆ ಇದ್ದರೆ ಮಾತ್ರ ಹೇಳಿ. ರೋಗದ ಹೆಸರು ಬೇಡ. ಸತ್ತವರ ಹೆಸರಿನ ಸರಿಯಾದ ಉಚ್ಚಾರಣೆಯನ್ನು ಮನೆಯವರಿಂದಲೇ ಕೇಳಿ ಬರೆದುಕೊಳ್ಳಿ.

---

ಆತ್ಮಪ್ರೇರಿತ

ಬರೆದಿಟ್ಟು ಓದಿದ ಪ್ರಾರ್ಥನೆ ಹೃದಯದಿಂದ ಬರುತ್ತದೆಯೇ? ಪವಿತ್ರಾತ್ಮನಿಗೆ ಜಾಗ ಎಲ್ಲಿ? ಆ ಕ್ಷಣಕ್ಕೆ ಬರುವ ಮಾತಿನಲ್ಲಿ ಇರುವ ಜೀವ ಕಾಗದದಲ್ಲಿ ಸಿಗುವುದಿಲ್ಲ ಎಂದು ನನ್ನ ನಂಬಿಕೆ.

---

ಬೇಡಿಕೆ

ಒಬ್ಬರೇ ಕೋಣೆಯಲ್ಲಿ ಬೇಡುವಾಗ ನಿಮ್ಮ ಮಾತು ಪೂರ್ತಿ ನಿಜ. ಸಭೆಯ ಪ್ರಾರ್ಥನೆಯಲ್ಲಿ ಉಳಿದವರೆಲ್ಲ ಆಮೆನ್ ಎನ್ನಬೇಕು. ಎಲ್ಲಿಗೆ ಹೋಗುತ್ತದೆಂದು ತಿಳಿಯದ ವಾಕ್ಯಕ್ಕೆ ಆಮೆನ್ ಹೇಳುವುದು ಕಷ್ಟ. ಶುಕ್ರವಾರ ಮೇಜಿನ ಮುಂದೆ ಕುಳಿತು ಬರೆಯುವಾಗಲೂ ಆತ್ಮನು ಇರುತ್ತಾನಲ್ಲ?

ಬಾಯಿಮಾತಿನ ಪ್ರಾರ್ಥನೆ ಬಿಡಿ ಎನ್ನುತ್ತಿಲ್ಲ. ಅದಕ್ಕೂ ಒಂದು ಎಲುಬು ಇರಲಿ. ಹಳೆಯ ಸಂಗ್ರಹ ಪ್ರಾರ್ಥನೆಗಳ (ಕಲೆಕ್ಟ್ ಎಂಬ ಚಿಕ್ಕ ಪ್ರಾರ್ಥನೆಗಳ) ಐದು ಭಾಗಗಳು ಇದಕ್ಕೆ ಸೊಗಸಾಗಿ ಒದಗುತ್ತವೆ: ಕರೆಯುವುದು, ದೇವರ ಒಂದು ಗುಣ ಅಥವಾ ಕೃತ್ಯ, ಬೇಡಿಕೆ, ಯಾತಕ್ಕಾಗಿ ಎಂಬುದು, ಕ್ರಿಸ್ತನ ಮೂಲಕ ಎಂಬ ಮುಕ್ತಾಯ. ಬಿಡಿಸಿ ತೋರಿಸುತ್ತೇನೆ.

ಕರುಣಾಮಯನಾದ ದೇವರೇ, / ಬಿರುಗಾಳಿಯಲ್ಲೂ ನಿನ್ನವರ ಕೈಬಿಡದವನೇ, / ಭಯದಲ್ಲಿರುವ ನಮಗೆ ನಿನ್ನ ಸಮಾಧಾನವನ್ನು ಅನುಗ್ರಹಿಸು. / ಹೀಗೆ ನಾವು ಅಂಜದೆ ನೆರೆಯವರ ಸೇವೆ ಮಾಡುವಂತಾಗಲಿ. / ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.

ಇಲ್ಲಿ ಎರಡನೇ ಭಾಗ ಮೂರನೆಯದಕ್ಕೆ ಆಧಾರ. ಬಿರುಗಾಳಿಯಲ್ಲಿ ಕೈಬಿಡದವನಾದ್ದರಿಂದಲೇ ಭಯದಲ್ಲಿ ಸಮಾಧಾನ ಬೇಡುವುದು. "ಆಕಾಶ ಭೂಮಿಗಳನ್ನು ಉಂಟುಮಾಡಿದವನೇ, ನಮಗೆ ಸಮಾಧಾನ ಕೊಡು" ಎಂದರೂ ತಪ್ಪಲ್ಲ, ಆದರೆ ಎರಡೂ ಒಂದಕ್ಕೊಂದು ಅಂಟುವುದಿಲ್ಲ. ಈ ಐದು ಮೆಟ್ಟಿಲು ಮನಸ್ಸಿನಲ್ಲಿದ್ದರೆ ಕಾಗದವಿಲ್ಲದೆಯೂ ದಾರಿ ತಪ್ಪುವುದಿಲ್ಲ. ನಾಲ್ಕು ಪದಕ್ಕೊಮ್ಮೆ "ಕರ್ತನೇ, ಕರ್ತನೇ" ಎಂದು ಬರುವುದೂ ನಿಲ್ಲುತ್ತದೆ. ಮುಂದಿನ ಮಾತು ಸಿಗದಾಗ ಆ ನಾಮ ತೂತು ಮುಚ್ಚುವ ಪದವಾಗಿಬಿಡುತ್ತದೆ. ಆತನ ನಾಮಕ್ಕೆ ಹಾಗೆ ಆಗಬಾರದು.

---

ಆತ್ಮಪ್ರೇರಿತ

ಆ ಕೊನೆಯ ಮಾತು ನಾಟಿತು. ಐದು ಮೆಟ್ಟಿಲಿನ ಕ್ರಮವನ್ನು ಬಾಯಿಮಾತಿಗೇ ಬಳಸಿ ನೋಡುತ್ತೇನೆ.

---

ಮೇಜುಸೇವೆ

ಕರ್ತನ ಭೋಜನದ ವ್ಯವಸ್ಥೆ. ಪಂಗಡಕ್ಕೊಂದು ಪದ್ಧತಿ ಇರುವುದರಿಂದ ಎಲ್ಲರಿಗೂ ಅನ್ವಯಿಸುವಷ್ಟೇ ಬರೆಯುತ್ತೇನೆ.

ಲೆಕ್ಕ ಮೊದಲು. ಒಬ್ಬರಿಗೆ 6 ಸೆಕೆಂಡು ಹಿಡಿದರೆ 200 ಜನರಿಗೆ ಒಂದೇ ಸಾಲಿನಲ್ಲಿ 20 ನಿಮಿಷ, ಎರಡು ಸಾಲಿನಲ್ಲಿ 10. ಹತ್ತು ನಿಮಿಷ ಮೀರಿದರೆ ಕಾಯುವವರ ಮನಸ್ಸು ಚದುರುತ್ತದೆ. ಇನ್ನೊಂದು ಜೋಡಿ ಸೇವಕರನ್ನು ಸೇರಿಸಿ, ಮಾತನ್ನು ಓಡಿಸಬೇಡಿ. ಒಂದೇ ಪಾತ್ರೆಯಿಂದ ಕುಡಿಯುವಲ್ಲಿ ಗುಟುಕಿಗೆ ಸುಮಾರು 5 ಮಿಲಿಲೀಟರ್ ಎಂದು ಹಿಡಿಯಿರಿ, 100 ಜನರಿಗೆ ಅರ್ಧ ಲೀಟರ್. ರೊಟ್ಟಿಗೆ ಎಣಿಕೆಗಿಂತ ನೂರಕ್ಕೆ ಹತ್ತು ಹೆಚ್ಚು. ಚಿಕ್ಕ ಲೋಟಗಳ ತಟ್ಟೆಯಾದರೆ ಮೂರನೇ ಎರಡು ಭಾಗ ಮಾತ್ರ ತುಂಬಿಸಿ, ತಟ್ಟೆ ಕೈಯಿಂದ ಕೈಗೆ ಹೋಗುವಾಗ ಓರೆಯಾಗಿಯೇ ಆಗುತ್ತದೆ. ಗೋಧಿ ಒಗ್ಗದವರಿಗೆ ಬೇರೆ ರೊಟ್ಟಿ ಇಡುವುದಾದರೆ ಮುಚ್ಚಿದ ಬೇರೆ ಪಾತ್ರೆಯಲ್ಲಿ ಇಡಿ, ಅದೇ ಕೈಯಿಂದ ಎರಡನ್ನೂ ಮುಟ್ಟಬೇಡಿ.

ಪಾತ್ರೆ ಕೊಡುವವರ ಕೈ ಗಮನಿಸಿ. ಬಲಗೈಯಲ್ಲಿ ಪಾತ್ರೆಯ ಕುತ್ತಿಗೆ, ಎಡಗೈಯಲ್ಲಿ ಮಡಿಸಿದ ಬಿಳಿ ನಾರುಬಟ್ಟೆ. ಒಬ್ಬರು ಕುಡಿದ ಕೂಡಲೆ ಅಂಚಿನ ಒಳಗೂ ಹೊರಗೂ ಬಟ್ಟೆಯಿಂದ ಒರೆಸಿ, ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ, ಬಟ್ಟೆಯ ಒದ್ದೆಯಾಗದ ಭಾಗವನ್ನು ಮೇಲಕ್ಕೆ ಮಡಿಸಿಕೊಂಡು ಮುಂದಿನವರಿಗೆ. ಕೊಡುವಾಗ ಪಾತ್ರೆಯನ್ನು ಪೂರ್ತಿ ಬಿಟ್ಟುಕೊಡಬೇಡಿ, ಬುಡವನ್ನು ಅವರೇ ಹಿಡಿದು ಓರೆ ಮಾಡಿಕೊಳ್ಳಲಿ. ಎಷ್ಟು ಓರೆ ಬೇಕೆಂದು ಕುಡಿಯುವವರಿಗೇ ಗೊತ್ತು. ಚೆಲ್ಲಿದರೆ ಗಾಬರಿಯಾಗಬೇಡಿ. ಆ ಜಾಗದ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಹಂಚುವುದನ್ನು ಮುಂದುವರಿಸಿ. ಆರಾಧನೆ ಮುಗಿದ ಮೇಲೆ ನೀರಿನಿಂದ ತೊಳೆಯಿರಿ.

ಸ್ಥಾಪನೆಯ ಮಾತುಗಳನ್ನು (ಕಡೆಯ ಭೋಜನದಲ್ಲಿ ಯೇಸು ಆಡಿದ ಮಾತುಗಳು, 1 ಕೊರಿಂಥದವರಿಗೆ 11:23ರಿಂದ) ಹೇಳುವಾಗ ಕೈಯ ಕ್ರಿಯೆ ಮಾತಿಗಿಂತ ಮುಂದೆ ಓಡಬಾರದು. ತೆಗೆದುಕೊಂಡು ಎನ್ನುವಾಗ ತೆಗೆದುಕೊಳ್ಳಿ. ಮುರಿಯುವುದು ನಿಮ್ಮ ಕ್ರಮದಲ್ಲಿ ಎಲ್ಲಿದೆಯೋ ಅಲ್ಲೇ ಮುರಿಯಿರಿ, ಮುರಿಯುವ ಸದ್ದು ಕೇಳಿಸುವಷ್ಟು ಸುಮ್ಮನಿರಿ. ಪ್ರತಿಯೊಬ್ಬರಿಗೂ ಕೊಡುವಾಗ ಹೇಳುವ ಮಾತು ನೂರನೆಯವರಿಗೂ ಪೂರ್ತಿಯಾಗಿಯೇ ಸಲ್ಲಬೇಕು. ಅದು ಅವರಿಗೆ ಮೊದಲನೆಯದು.

---

ಧ್ವನಿಪಟ್ಟಿ

ಮೈಕ್ ಬಗ್ಗೆ ಚಿಕ್ಕದಾಗಿ. ಬಾಯಿಯಿಂದ 10ರಿಂದ 15 ಸೆಂಟಿಮೀಟರ್, ನೇರ ಎದುರಿಗಿಡದೆ ತುಸು ಓರೆಯಾಗಿ. ಆಗ ಪ, ಬ, ಭಗಳ ಗಾಳಿ ಬಡಿಯುವುದಿಲ್ಲ. ದೂರ ಎರಡರಷ್ಟಾದರೆ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ತಲೆಯೆತ್ತಿ ಇಳಿಸಿ ಓದುವವರ ಧ್ವನಿ ಬಂದು ಹೋಗುವುದು ಇದರಿಂದಲೇ. ತೆರೆದಿರುವ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಧ್ವನಿವರ್ಧಕದಲ್ಲಿ ಕೂಗು (ಫೀಡ್‌ಬ್ಯಾಕ್) ಏಳುವ ಮುಂಚಿನ ಅವಕಾಶ 3 ಡೆಸಿಬೆಲ್ ಕಡಿಮೆಯಾಗುತ್ತದೆ, ಹಾಗಾಗಿ ಬಳಸದ್ದನ್ನು ಮುಚ್ಚಿಡಿ. ಮೈಕ್ ತಟ್ಟಿ, ಊದಿ ಪರೀಕ್ಷಿಸಬೇಡಿ. ಜನ ಬರುವುದಕ್ಕೆ ಮೊದಲೇ ಪಾಠದ ಎರಡು ವಚನ ಓದಿ ನೋಡಿ. ತಂತಿಯಿಲ್ಲದ ಮೈಕಿಗೆ ಪ್ರತಿ ಆರಾಧನೆಗೂ ಹೊಸ ಬ್ಯಾಟರಿ. ಪರದೆಯಲ್ಲಿ ಪದ ತೋರಿಸುವವರು ಸಾಲಿನ ಕೊನೆಯ ಎರಡು ಪದ ಹಾಡುತ್ತಿರುವಾಗಲೇ ಮುಂದಿನದಕ್ಕೆ ಹೋಗಬೇಕು, ಮುಗಿದ ಮೇಲಲ್ಲ. ಪಾಠ, ಮೌನ, ಭೋಜನದ ಪ್ರಾರ್ಥನೆಯ ಹೊತ್ತಿಗೆ ಪರದೆ ಕಪ್ಪಾಗಿರಲಿ.

---

ಹೊಸ_ವಾಚಕ

ಎರಡು ಪ್ರಶ್ನೆ. ಪ್ರಕಟಣೆಗಳನ್ನು ಎಲ್ಲಿ ಇಡಬೇಕು? ಬೇರೆ ಬೇರೆ ಸಭೆಗಳು ಕೂಡಿ ನಡೆಸುವ ಆರಾಧನೆಯಲ್ಲಿ ಏನು ಗಮನಿಸಬೇಕು?

---

ಕ್ರಮಪುಸ್ತಕ

ಪ್ರಕಟಣೆ ಆರಂಭದ ಕರೆಗೂ ಮೊದಲು, ಇಲ್ಲವೆ ಭೋಜನದ ನಂತರದ ಪ್ರಾರ್ಥನೆ ಮುಗಿದು ಆಶೀರ್ವಾದಕ್ಕೆ ಮುಂಚೆ. ಮೂರು ಮೀರದಿರಲಿ, ಎರಡು ನಿಮಿಷ. ಬರೆದು ಹಂಚಿದ್ದನ್ನು ಮತ್ತೆ ಓದಬೇಡಿ.

ಕೂಡು ಆರಾಧನೆಯಲ್ಲಿ ಎಡವುವುದು ಎಲ್ಲರಿಗೂ ಬಾಯಿಪಾಠವಿರುವ ಭಾಗದಲ್ಲೇ. ಕರ್ತನ ಪ್ರಾರ್ಥನೆಯ ಪದಗಳು ಪಂಗಡದಿಂದ ಪಂಗಡಕ್ಕೆ ಬೇರೆ. ಕೊನೆಯ "ರಾಜ್ಯವೂ ಬಲವೂ ಮಹಿಮೆಯೂ" ಎಂಬ ಸಾಲನ್ನು ಕೆಲವರು ಅಲ್ಲೇ ಹೇಳುತ್ತಾರೆ, ಕೆಲವರು ಯಾಜಕರ ಪ್ರಾರ್ಥನೆಯ ಬಳಿಕ. ಪ್ರಾರ್ಥನೆಯ ಒಂದು ರೂಪ ಆರಿಸಿ ಪೂರ್ತಿ ಮುದ್ರಿಸಿ ಕೊಡಿ. ಕೀರ್ತನೆಯ ಸಂಖ್ಯೆಯನ್ನೂ ನೋಡಿಕೊಳ್ಳಿ: ಗ್ರೀಕ್ ಎಣಿಕೆಯಲ್ಲಿ 9 ಮತ್ತು 10 ಒಂದೇ ಆಗಿರುವುದರಿಂದ ಅಲ್ಲಿಂದ ಮುಂದೆ ಬಹುಪಾಲು ಒಂದು ಸಂಖ್ಯೆ ಹಿಂದೆ ಬೀಳುತ್ತದೆ. ಒಬ್ಬರ 51 ಇನ್ನೊಬ್ಬರ 50. ಪಾಠಗಳನ್ನು ಆರಿಸುವುದಕ್ಕೆ 1992ರ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿ ಅನುಕೂಲ. ಮೂರು ವರ್ಷದ ಸುತ್ತು, ವರ್ಷಕ್ಕೊಂದರಂತೆ ಮತ್ತಾಯ, ಮಾರ್ಕ, ಲೂಕ, ಯೋಹಾನ ನಡುನಡುವೆ. ಹಲವು ಪಂಗಡಗಳು ಬಳಸುವುದರಿಂದ ತಕರಾರು ಬರುವುದಿಲ್ಲ.

---

ಹಿಂದಿನ_ಸಾಲು

ನಡುವೆ ಅಡಚಣೆ ಬಂದರೆ? ಮಗು ಅಳುವುದು, ವಿದ್ಯುತ್ ಹೋಗುವುದು, ಯಾರಾದರೂ ಕುಸಿದು ಬೀಳುವುದು.

---

ಮೇಜುಸೇವೆ

ಮಗು ಅತ್ತರೆ ಏನೂ ಮಾಡಬೇಡಿ. ತಾಯಿಯ ಕಡೆ ನೋಡಲೂ ಬೇಡಿ, ನೀವು ನೋಡಿದರೆ ಎಲ್ಲರೂ ತಿರುಗುತ್ತಾರೆ. ವಿದ್ಯುತ್ ಹೋದರೆ ಎರಡು ಹೆಜ್ಜೆ ಮುಂದೆ ಬಂದು, ವಾಕ್ಯಗಳನ್ನು ತುಂಡು ಮಾಡಿ ನಿಧಾನವಾಗಿ ಮಾತಾಡಿ. ವಾದ್ಯವಿಲ್ಲದೆ ಹಾಡಬಲ್ಲ ಎರಡು ಗೀತೆಗಳ ಮೊದಲ ಸ್ವರ ಗಾಯನದವರಿಗೆ ತಿಳಿದಿರಲಿ. ಯಾರಾದರೂ ಕುಸಿದರೆ ಆರಾಧನೆ ನಿಲ್ಲಿಸಿ. ಸಭೆಯನ್ನು ಕೂರಲು ಹೇಳಿ, ಸಹಾಯಕ್ಕೆ ಇಬ್ಬರನ್ನು ಹೆಸರು ಹಿಡಿದು ಕರೆಯಿರಿ, ವೈದ್ಯಕೀಯ ಸಹಾಯಕ್ಕೆ ಫೋನ್ ಮಾಡಲು ಮತ್ತೊಬ್ಬರನ್ನು. "ಯಾರಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ, ಇಲ್ಲವೆ ಎಲ್ಲರೂ ಬರುತ್ತಾರೆ. ಅವರನ್ನು ಕರೆದೊಯ್ದ ಮೇಲೆ ಅವರಿಗಾಗಿ ಪ್ರಾರ್ಥಿಸಿ, ನಿಲ್ಲಿಸಿದ ಭಾಗದ ಆರಂಭದಿಂದ ಮುಂದುವರಿಸಿ.

---

ನಿಶ್ಶಬ್ದ

ಆಶೀರ್ವಾದದ ಬಗ್ಗೆ ಒಂದು ಮಾತು ಉಳಿದಿದೆ. ಅರಣ್ಯಕಾಂಡ 6:24ರಿಂದ 26ರ ಆಶೀರ್ವಾದವಿರಲಿ, 2 ಕೊರಿಂಥ 13ರ ಕೊನೆಯದಿರಲಿ, ಅಭಿಷಿಕ್ತ ಸಭಾಪಾಲಕರು "ನಿಮ್ಮ" ಎನ್ನುತ್ತಾರೆ. ಅಭಿಷಿಕ್ತರಲ್ಲದವರು ನಡೆಸುವಾಗ ಹಲವು ಪಂಗಡಗಳಲ್ಲಿ "ನಮ್ಮ" ಎಂದು ಬದಲಿಸುತ್ತಾರೆ, ಕೈ ಎತ್ತುವುದಿಲ್ಲ; ಕ್ಷಮೆಯ ಮಾತಿಗೂ ಅದೇ ನಿಯಮ. ನಿಮ್ಮ ಸಭೆಯ ಪದ್ಧತಿ ಮೊದಲೇ ಕೇಳಿಕೊಳ್ಳಿ, ಪ್ರತಿಯಲ್ಲಿ ತಿದ್ದಿಡಿ, ಓದುತ್ತಾ ತಿದ್ದಲು ಹೋಗಬೇಡಿ.

ಸಭೆ ಆಮೆನ್ ಎಂದ ಮೇಲೆ ಮತ್ತೆ ಮೈಕ್ ಹಿಡಿದು "ಹೋಗುವ ಮುಂಚೆ ಒಂದು ನಿಮಿಷ" ಎನ್ನಬೇಡಿ. ಮರೆತ ಪ್ರಕಟಣೆ ಬಾಗಿಲ ಬಳಿ ನಿಂತು ಹೇಳಬಹುದು.